ಓರೆ ಎಳೆತದ ಲೆಕ್ಕ

1878ರ ಆಗಸ್ಟಿನಲ್ಲಿ ಪ್ಯಾರಿಸ್‌ನಲ್ಲಿ ಫ್ರೆಂಚ್ ವಿಜ್ಞಾನಿಗಳ ಅಧಿವೇಶನವೊಂದು ನಡೆಯಿತು. ಅಲ್ಲಿ ಮಾತಾಡಲು ಎದ್ದವರಲ್ಲಿ ರಷ್ಯದ ಗಣಿತಜ್ಞ ಪಾಫ್ನುತಿ ಚೆಬಿಶೇವ್ ಒಬ್ಬರು. ಅವಿಭಾಜ್ಯ ಸಂಖ್ಯೆ, ಸಂಭವನೀಯತೆ, ಯಂತ್ರಗಳ ಕೀಲುಕೋಲುಗಳ ಚಲನೆ ಎಂದೆಲ್ಲ ಕೆಲಸ ಮಾಡಿ ಯುರೋಪಿನ ತುಂಬ ಹೆಸರಾಗಿದ್ದ ಅವರು ಅಂದು ಎತ್ತಿಕೊಂಡ ವಿಷಯ ಬಟ್ಟೆ ಕತ್ತರಿಸುವುದು. ಚೆಂಡೊಂದಕ್ಕೆ ಎಲ್ಲೂ ಸುಕ್ಕು ಬೀಳದಂತೆ ಬಟ್ಟೆ ತೊಡಿಸಬೇಕು. ಹಾಗಾದರೆ ತುಂಡನ್ನು ಯಾವ ಆಕಾರಕ್ಕೆ ಕತ್ತರಿಸಿಕೊಳ್ಳಬೇಕು?

ಅವರ ಉತ್ತರದ ತಳಪಾಯ ಸರಳವಾಗಿತ್ತು. ನೂಲು ಹಿಗ್ಗುವುದಿಲ್ಲ, ಕುಗ್ಗುವುದೂ ಇಲ್ಲ. ಹಾಸಿನ ಎಳೆ ಹೊಕ್ಕಿನ ಎಳೆಯನ್ನು ದಾಟುವ ಜಾಗದಲ್ಲಿ ಎರಡರ ನಡುವಿನ ಕೋನ ಮಾತ್ರ ಬದಲಾಗುತ್ತದೆ. ಬಟ್ಟೆ ಮೈಗೆ ಕೂರುವುದೆಲ್ಲ ಈ ಕೋನದ ಆಟದಿಂದಲೇ. ಅಂಥ ಜಾಲಕ್ಕೆ ಜ್ಯಾಮಿತಿಯಲ್ಲಿ ಇವತ್ತಿಗೂ ಚೆಬಿಶೇವ್ ಜಾಲ ಎಂದೇ ಹೆಸರು.

ದರ್ಜಿಗಳಿಗೆ ಈ ಸಂಗತಿ ಗಣಿತದ ಹಂಗಿಲ್ಲದೆಯೇ ಗೊತ್ತು. ರವಿಕೆಯ ಕೊರಳಿಗೆ ಪಟ್ಟಿ ಕೊಡುವಾಗ ಬಟ್ಟೆಯನ್ನು ಎಳೆಯ ನೇರಕ್ಕೆ ಕತ್ತರಿಸಿದರೆ ತಿರುವಿನಲ್ಲಿ ಅದು ಮುದುಡಿಕೊಂಡು ಎದ್ದು ನಿಲ್ಲುತ್ತದೆ. ಅದಕ್ಕೇ ಮೂಲೆಯಿಂದ ಮೂಲೆಗೆ ಓರೆಯಾಗಿ ಕತ್ತರಿಸಿದ ‘ಕ್ರಾಸ್ ಪೀಸ್’ ಬೇಕು. 1920ರ ದಶಕದ ಪ್ಯಾರಿಸ್‌ನಲ್ಲಿ ಮಾಡ್ಲೆನ್ ವಿಯೊನೆ ಎಂಬ ವಸ್ತ್ರವಿನ್ಯಾಸಕಿ ಇಡೀ ಉಡುಪನ್ನೇ ಹೀಗೆ ಓರೆಗೆ ಕತ್ತರಿಸಿ, ಹೊಲಿಗೆ ಕಡಿಮೆ ಇದ್ದರೂ ಮೈಮಾಟಕ್ಕೆ ಹೊಂದುವ ಗೌನುಗಳನ್ನು ಹೊಲಿಸಿ ಖ್ಯಾತಿ ಪಡೆದರು. ಕರವಸ್ತ್ರವೊಂದನ್ನು ಅಂಚಿನ ನೇರಕ್ಕೆ ಜಗ್ಗಿ ನೋಡಿದರೆ ಅದು ಜಪ್ಪಯ್ಯ ಎಂದರೂ ಹಿಗ್ಗದು. ಎದುರುಬದುರು ಮೂಲೆಗಳನ್ನು ಹಿಡಿದು ಜಗ್ಗಿದರೆ ಸಲೀಸಾಗಿ ಉದ್ದವಾಗುತ್ತದೆ, ಅಗಲದಲ್ಲಿ ಕಿರಿದಾಗುತ್ತದೆ. ಅಂಗಡಿ ಮುಂದಿನ ಕೊಲಾಪ್ಸಿಬಲ್ ಗೇಟನ್ನು ಎಳೆದಾಗ ಅದರ ಪಟ್ಟಿಗಳು ಉದ್ದದಲ್ಲಿ ಬದಲಾಗದೆ ನಡುವಿನ ಚೌಕಗಳಷ್ಟೇ ವಜ್ರಾಕೃತಿಗೆ ತಿರುಗುತ್ತವಲ್ಲ, ಬಟ್ಟೆಯೊಳಗೂ ನಡೆಯುವುದು ಅದೇ. ಎಂಜಿನಿಯರುಗಳು ಇದನ್ನು ಶಿಯರ್ ಎನ್ನುತ್ತಾರೆ. ಮೊದಲಿದ್ದ 90 ಡಿಗ್ರಿಯಿಂದ ಕೋನ ಎಷ್ಟು ಕಡಿಮೆಯಾಯಿತೋ ಅದೇ ಶಿಯರ್ ಕೋನ.

ಉಡುಪಿನ ವಿಷಯ ಇಷ್ಟಕ್ಕೇ ನಿಲ್ಲಬಹುದಿತ್ತು. ಆದರೆ ಇಪ್ಪತ್ತನೇ ಶತಮಾನದಲ್ಲಿ ಮಗ್ಗಗಳು ಹತ್ತಿ, ಉಣ್ಣೆಗಳ ಜೊತೆಗೆ ಗಾಜಿನ ಎಳೆ, ಕಾರ್ಬನ್ ಎಳೆ, ಅರಾಮಿಡ್ ಎಳೆಗಳನ್ನೂ ನೇಯತೊಡಗಿದವು. ಈ ಬಟ್ಟೆ ಹೆಚ್ಚಾಗಿ ಉಡಲಿಕ್ಕಲ್ಲ. ಅಚ್ಚಿನ ಮೇಲೆ ಹಾಸಿ, ರೆಸಿನ್ ತುಂಬಿ, ಗಟ್ಟಿಯಾಗಿಸಿ ವಿಮಾನದ ಭಾಗ, ದೋಣಿಯ ಒಡಲು, ಹೆಲ್ಮೆಟ್, ರೇಡಾರಿನ ಗುಮ್ಮಟ ಮಾಡುತ್ತಾರೆ. ಬೋಯಿಂಗ್ 787 ವಿಮಾನದ ತೂಕದಲ್ಲಿ ಸುಮಾರು ಅರ್ಧದಷ್ಟು ಇಂಥ ಸಂಯುಕ್ತ ವಸ್ತು. ಬೆಂಗಳೂರಿನಲ್ಲಿ ರೂಪುಗೊಂಡ ತೇಜಸ್ ಯುದ್ಧವಿಮಾನದ ಹೊರಮೈಯ ಬಹುಪಾಲು ಕಾರ್ಬನ್ ಸಂಯುಕ್ತದ್ದೇ. ಅದರ ಬಾಲದ ನಿಲುರೆಕ್ಕೆಯನ್ನು ರೂಪಿಸಿದ್ದು ಅದೇ ಊರಿನ ವೈಮಾನಿಕ ಸಂಶೋಧನಾ ಸಂಸ್ಥೆ ಎನ್‌ಎಎಲ್.

ಒಂದೇ ಕಡೆ ಬಾಗಿದ ಮೇಲ್ಮೈಗೆ, ಅಂದರೆ ಕೊಳವೆಯಂಥದ್ದಕ್ಕೆ, ಬಟ್ಟೆ ಸುತ್ತುವುದು ಕಷ್ಟವಲ್ಲ, ಕಾಗದವೂ ಸುತ್ತಿಕೊಳ್ಳುತ್ತದೆ. ಎರಡೂ ಕಡೆ ಬಾಗಿದ ಗುಮ್ಮಟದಂಥ ಆಕಾರ ಬಂದಾಗ ಕಾಗದ ಸೋಲುತ್ತದೆ, ಬಟ್ಟೆ ಮಾತ್ರ ಓರೆಯಾಗಿ ಹೊಂದಿಕೊಳ್ಳುತ್ತದೆ. ಗಾಜಿನ ಬಟ್ಟೆಯನ್ನು ಅರ್ಧಗೋಳದ ಮೇಲೆ ಒತ್ತಿದರೆ ನೆತ್ತಿಯಲ್ಲಿ ಚೌಕಗಳು ಚೌಕಗಳಾಗಿಯೇ ಉಳಿಯುತ್ತವೆ. ನೆತ್ತಿಯಿಂದ ಎಳೆಗಳ ನೇರಕ್ಕೆ ಕೆಳಗಿಳಿದರೂ ಹೆಚ್ಚು ವ್ಯತ್ಯಾಸ ಕಾಣದು. ಎರಡು ಎಳೆಗಳ ನಡುವಿನ ಓರೆ ದಿಕ್ಕಿನಲ್ಲಿ ಇಳಿದರೆ ಚೌಕಗಳು ಹೆಜ್ಜೆಹೆಜ್ಜೆಗೂ ಕೃಶವಾಗುತ್ತ ಅಂಚಿನ ಬಳಿ ಸೂಜಿಮೊನೆಯ ವಜ್ರಗಳಾಗುತ್ತವೆ. 1956ರಲ್ಲಿ ಮ್ಯಾಕ್ ಮತ್ತು ಟೇಲರ್ ಎಂಬಿಬ್ಬರು ನೇಯ್ದ ಬಟ್ಟೆ ಮೇಲ್ಮೈಗೆ ಕೂರುವ ಸಮೀಕರಣಗಳನ್ನು ಬರೆದರು. ಚೆಬಿಶೇವರ ಊಹೆಯೇ ಅಲ್ಲೂ ಮೂಲ. ಕಂಪ್ಯೂಟರಿನಲ್ಲಿ ಬಟ್ಟೆ ಹೊದಿಸಿ ನೋಡುವ ಸರಳ ತಂತ್ರಾಂಶಗಳು ಈಗಲೂ ಅದೇ ದಾರಿಯಲ್ಲಿವೆ.

ಚೌಕ ವಜ್ರವಾದರೆ ನಷ್ಟವೇನು? ಎಳೆಗಳ ಉದ್ದ ಅಷ್ಟೇ ಇದ್ದು ಅವು ಆವರಿಸುವ ಜಾಗ ಕಿರಿದಾಗುತ್ತದೆ. ಚದರ ಮೀಟರಿಗೆ 300 ಗ್ರಾಂ ತೂಗುವ ಬಟ್ಟೆ 30 ಡಿಗ್ರಿ ಓರೆಯಾದಾಗ ಸುಮಾರು 346 ಗ್ರಾಂ ಆಗುತ್ತದೆ, 45 ಡಿಗ್ರಿಗೆ 424, 60 ಡಿಗ್ರಿಗೆ ನೇರ ದುಪ್ಪಟ್ಟು. ಅಲ್ಲಿ ಎಳೆಗಳು ಇಕ್ಕಟ್ಟಾಗಿರುವುದರಿಂದ ರೆಸಿನ್ ಹರಿಯುವ ದಾರಿಯೂ ಕಿರಿದು. ಒಳಗೆ ಒಣ ಜಾಗ ಉಳಿದುಬಿಡಬಹುದು. ಗಟ್ಟಿಯಾದ ಮೇಲೆ ಆ ಭಾಗದ ಬಲವೂ ವಿನ್ಯಾಸಕಾರರು ಎಣಿಸಿದ ದಿಕ್ಕಿನಲ್ಲಿ ಇರುವುದಿಲ್ಲ, ಏಕೆಂದರೆ ಎಳೆಗಳ ದಿಕ್ಕೇ ತಿರುಗಿರುತ್ತದೆ.

ಇದಕ್ಕೆ ಒಂದು ಮಿತಿಯೂ ಉಂಟು. ಮೊದಮೊದಲು ಎಳೆಗಳು ಸಂಧಿಗಳಲ್ಲಿ ಸವರಿಕೊಂಡು ತಿರುಗುತ್ತವೆ; ತಡೆಯುವುದು ಘರ್ಷಣೆ ಮಾತ್ರ, ಹಾಗಾಗಿ ಬೇಕಾದ ಬಲ ತೀರ ಕಡಿಮೆ. ನಡುವಿನ ಸಂದುಗಳು ಮುಚ್ಚಿಹೋದ ಮೇಲೆ ಅಕ್ಕಪಕ್ಕದ ಎಳೆಗಳು ಒಂದನ್ನೊಂದು ಒತ್ತಲು ತೊಡಗುತ್ತವೆ. ನಕ್ಷೆಯಲ್ಲಿ ಬಲದ ಗೆರೆ ಆಮೇಲೆ ಗಕ್ಕನೆ ಮೇಲೇರುತ್ತದೆ. ಆ ತಿರುವಿಗೆ ಲಾಕಿಂಗ್ ಕೋನ ಎಂದು ಹೆಸರು. ನೇಯ್ಗೆಯನ್ನು ಅವಲಂಬಿಸಿ ಅದು ಸಾಮಾನ್ಯವಾಗಿ 40ರಿಂದ 60 ಡಿಗ್ರಿಗಳ ನಡುವೆ ಎಲ್ಲೋ ಇರುತ್ತದೆ. ಒಂದು ಮೇಲೆ ಒಂದು ಕೆಳಗೆ ಹೋಗುವ ಸಾದಾ ನೇಯ್ಗೆ ಬೇಗ ಬಿಗಿಯುತ್ತದೆ. ಎಳೆಗಳು ಉದ್ದುದ್ದ ತೇಲಿ ಅಪರೂಪಕ್ಕೆ ಮುಳುಗುವ ಸ್ಯಾಟಿನ್ ನೇಯ್ಗೆ ಹೆಚ್ಚು ಬಾಗುತ್ತದೆ, ಕತ್ತರಿಸಿ ಎತ್ತುವಾಗ ಕೈಯಲ್ಲೇ ಬಿಚ್ಚಿಕೊಳ್ಳುವ ತಾಪತ್ರಯವೂ ಅದಕ್ಕೇ ಹೆಚ್ಚು. ಮಿತಿ ದಾಟಿಯೂ ಒತ್ತಿದರೆ ಬಟ್ಟೆ ತನ್ನ ತಳದಲ್ಲಿ ಇನ್ನು ಓರೆಯಾಗಲಾರದೆ ಮೇಲಕ್ಕೆ ಉಬ್ಬುತ್ತದೆ. ಅದೇ ಸುಕ್ಕು. ವಿಮಾನದ ಭಾಗದಲ್ಲಿ ಅಂಥದೊಂದು ಕಂಡರೆ ಇಡೀ ತುಂಡನ್ನೇ ಕಸಕ್ಕೆ ಹಾಕಬೇಕಾಗಿ ಬರಬಹುದು.

ಹಾಗಾಗಿ ಅಚ್ಚು ಮಾಡಿಸುವ ಮೊದಲೇ ಉತ್ತರ ಬೇಕಾದ ಪ್ರಶ್ನೆ: ಈ ಬಟ್ಟೆಯನ್ನು ಇಷ್ಟು ಡಿಗ್ರಿ ಓರೆಯಾಗಿಸಲು ಎಷ್ಟು ಬಲ ಬೇಕು?

ಹಳೆಯ ಪ್ರಯತ್ನಗಳಲ್ಲಿ ಒಂದು ವಾಯುನೌಕೆಗಳ ಕಾಲದ್ದು. ಒಳಗೆ ಚೌಕಟ್ಟಿಲ್ಲದೆ ಬರೀ ಅನಿಲದ ಒತ್ತಡದಿಂದ ಉಬ್ಬಿ ನಿಲ್ಲುತ್ತಿದ್ದ ನೌಕೆಗಳು ತೊಟ್ಟಿಲಿನ ಭಾರಕ್ಕೆ ಆಕಾರ ಕೆಡಿಸಿಕೊಳ್ಳುತ್ತಿದ್ದವು. ಎರಡು ಪದರದ ಬಟ್ಟೆಯಲ್ಲಿ ಒಂದು ಪದರವನ್ನು ಓರೆಗೆ ಅಂಟಿಸಿ ಅದನ್ನು ತಡೆಯುತ್ತಿದ್ದರು. ಜರ್ಮನಿಯಲ್ಲಿ ಹಾಸ್ ಮತ್ತು ಡೀಟ್ಸಿಯುಸ್ 1913ರಲ್ಲಿ ಈ ಹೊದಿಕೆಗಳ ಹಿಗ್ಗುವಿಕೆ ಮತ್ತು ಶಿಯರ್ ಬಗ್ಗೆ ಬರೆದ ಅಧ್ಯಯನ ಎಷ್ಟು ಉಪಯುಕ್ತವಾಗಿತ್ತೆಂದರೆ, ಅಮೆರಿಕದ ವೈಮಾನಿಕ ಸಲಹಾ ಸಮಿತಿ ಅದನ್ನು ಇಂಗ್ಲಿಷಿಗೆ ತರಿಸಿ ತನ್ನ 16ನೇ ವರದಿಯಾಗಿ ಹೊರತಂದಿತು.

ಉಡುಪಿನ ಬಟ್ಟೆಗೆ ನಂಬಿಕೆಯ ಯಂತ್ರ ಬಂದದ್ದು 1970ರ ದಶಕದ ಜಪಾನಿನಿಂದ. ಸೂಟಿನ ಬಟ್ಟೆಯನ್ನು ಬೆರಳಿನಿಂದ ಹೊಸಕಿ ಬಿಗುವು, ನಯ, ಮೈದುಂಬು ಎಂದು ಬೆಲೆಕಟ್ಟುತ್ತಿದ್ದ ಅನುಭವಿಗಳ ತೀರ್ಮಾನವನ್ನು ಅಂಕಿಗಳಿಗೆ ಇಳಿಸಲು ಕ್ಯೋಟೋ ವಿಶ್ವವಿದ್ಯಾಲಯದ ಸುಎಓ ಕವಾಬಾತಾ ಹಾಗೂ ಅವರ ಸಹೋದ್ಯೋಗಿ ಮಸಾಕೋ ನಿವಾ ವರ್ಷಗಟ್ಟಲೆ ದುಡಿದರು. ಅವರ ಯಂತ್ರಗಳ ಸಾಲಿನಲ್ಲಿ ಒಂದು, 20 ಸೆಂಟಿಮೀಟರ್ ಅಗಲದ ಬಟ್ಟೆಯ ಎರಡು ಅಂಚುಗಳನ್ನು ಕಚ್ಚಿಕೊಂಡು, ಒಂದು ಅಂಚನ್ನು ಪಕ್ಕಕ್ಕೆ ಸರಿಸಿ 8 ಡಿಗ್ರಿಯವರೆಗೆ ಓರೆಯಾಗಿಸಿ ಮತ್ತೆ ಹಿಂದಕ್ಕೆ ತರುತ್ತದೆ. ಹೋಗುವಾಗಿನ ಬಲಕ್ಕೂ ಬರುವಾಗಿನ ಬಲಕ್ಕೂ ಇರುವ ಅಂತರವೇ ಎಳೆಗಳ ನಡುವಿನ ಘರ್ಷಣೆಯ ಗುರುತು. ಆಸ್ಟ್ರೇಲಿಯದ ಉಣ್ಣೆ ಸಂಶೋಧಕರು ಇದನ್ನು ಇನ್ನೂ ಅಗ್ಗವಾಗಿಸಿದರು: ಓರೆಗೆ ಕತ್ತರಿಸಿದ ಪಟ್ಟಿಗೆ ಅಗಲದ ಪ್ರತಿ ಸೆಂಟಿಮೀಟರಿಗೆ 5 ಗ್ರಾಂನಂತೆ ಭಾರ ಕಟ್ಟು, ಶೇಕಡಾ ಎಷ್ಟು ಹಿಗ್ಗಿತೋ ಅದರಿಂದ 123ನ್ನು ಭಾಗಿಸು, ಮುಗಿಯಿತು.

ಕೋಟಿನ ಭುಜಕ್ಕೆ 8 ಡಿಗ್ರಿ ಸಾಕು. ಗಾಜಿನ ಬಟ್ಟೆ ಅಚ್ಚಿನ ಮೂಲೆಯಲ್ಲಿ 50 ಡಿಗ್ರಿ ಬಾಗಬೇಕು. ಅಷ್ಟು ದೂರ ಹೋಗುವ ಹೊಸ ಸಾಧನವನ್ನು ಸಂಯುಕ್ತ ವಸ್ತುಗಳ ಎಂಜಿನಿಯರುಗಳು ತಾವೇ ಮಾಡಿಕೊಂಡರು.

ನಾಲ್ಕು ಸಮನಾದ ಉಕ್ಕಿನ ಪಟ್ಟಿಗಳು, ನಾಲ್ಕು ಮೂಲೆಗೂ ಕೀಲು. ನೋಡಲು ಫೋಟೋಗೆ ಹಾಕುವ ಚೌಕಟ್ಟಿನಂತೆ ಇರುವುದರಿಂದ ಇದಕ್ಕೆ ಪಿಕ್ಚರ್ ಫ್ರೇಮ್ ಪರೀಕ್ಷೆ ಎಂದೇ ಹೆಸರು. ಎಳೆಗಳು ಪಟ್ಟಿಗಳಿಗೆ ಸಮಾನಾಂತರವಾಗಿರುವಂತೆ ಬಟ್ಟೆಯನ್ನು ಬಿಗಿದು, ಮೂಲೆಗಳಲ್ಲಿ ಕೀಲಿಗೆ ಅಡ್ಡಬಾರದಂತೆ ಕತ್ತರಿಸಿ ತೆಗೆದು, ಎಳೆಯುವ ಯಂತ್ರದಲ್ಲಿ ಚೌಕಟ್ಟನ್ನು ಮೂಲೆಯ ಮೇಲೆ ನಿಲ್ಲಿಸಿ ಎದುರಿನ ಮೂಲೆಯನ್ನು ಮೇಲಕ್ಕೆ ಎಳೆಯುತ್ತಾರೆ. ಚೌಕಟ್ಟು ವಜ್ರವಾದಂತೆ ಬಟ್ಟೆಯೂ ಆಗಲೇಬೇಕು. ಬದಿ 200 ಮಿಲಿಮೀಟರ್ ಇದ್ದರೆ, 45 ಡಿಗ್ರಿ ಶಿಯರ್ ಬರಲು ಮೂಲೆ ಸುಮಾರು 87 ಮಿಲಿಮೀಟರ್ ಏರಬೇಕು. ಯಂತ್ರ ಒಂದು ಕಡೆ ದೂರ ಬರೆಯುತ್ತದೆ, ಇನ್ನೊಂದು ಕಡೆ ಬಲ. ಖಾಲಿ ಚೌಕಟ್ಟನ್ನು ಒಮ್ಮೆ ಎಳೆದು, ಅದರ ಸ್ವಂತ ಭಾರ ಮತ್ತು ಕೀಲಿನ ಘರ್ಷಣೆಯನ್ನು ಕಳೆದರೆ ಉಳಿದದ್ದು ಬಟ್ಟೆಯದು.

ಕೇಳಲು ಎಷ್ಟು ಚೊಕ್ಕ! ಪ್ರಯೋಗಾಲಯದಲ್ಲಿ ಮಾತ್ರ ಇದರಷ್ಟು ಕಾಡಿಸುವ ಪರೀಕ್ಷೆ ಇನ್ನೊಂದಿಲ್ಲ.

ಬಟ್ಟೆ ಬಿಗಿಯುವಾಗ ಎಳೆಗಳು ಚೌಕಟ್ಟಿಗೆ ಬರೀ 1 ಡಿಗ್ರಿ ಓರೆಯಾಗಿ ಕೂತವು ಎಂದುಕೊಳ್ಳೋಣ. ಬರಿಗಣ್ಣಿಗೆ ಅದು ಕಂಡರೂ ಕಂಡೀತು, ಕಾಣದೆಯೂ ಹೋದೀತು. ಜ್ಯಾಮಿತಿ ಹೇಳುವಂತೆ, ಚೌಕಟ್ಟು 45 ಡಿಗ್ರಿ ತಲುಪುವ ಹೊತ್ತಿಗೆ ಅಂಥ ಎಳೆ ತನ್ನ ಉದ್ದದ ಶೇಕಡಾ 1.2ರಷ್ಟು ಹಿಗ್ಗಬೇಕು. ಉಣ್ಣೆಯ ನೂಲಿಗೆ ಇದು ಲೆಕ್ಕಕ್ಕೇ ಇಲ್ಲ. ಆದರೆ ಸಾಮಾನ್ಯ ಕಾರ್ಬನ್ ಎಳೆ ಶೇಕಡಾ 1.5ರಿಂದ 2ರಷ್ಟು ಹಿಗ್ಗಿದರೆ ಹರಿದೇ ಹೋಗುತ್ತದೆ! ನೇಯ್ಗೆಯ ಅಲೆ ಸ್ವಲ್ಪ ನೇರವಾಗುವುದು, ಹಿಡಿತದಲ್ಲಿ ಎಳೆ ಜಾರುವುದು, ಇವು ಸೇರಿ ಹರಿಯದಂತೆ ಕಾಪಾಡುತ್ತವೆ. ಆದರೂ ಯಂತ್ರ ಬರೆದ ಬಲದಲ್ಲಿ ಎಷ್ಟು ಪಾಲು ಓರೆಯಾಗುವುದರದ್ದು, ಎಷ್ಟು ಪಾಲು ಎಳೆಯನ್ನು ಜಗ್ಗಿದ್ದರದ್ದು ಎಂದು ಬಿಡಿಸುವುದು ಹೇಗೆ? ಎಳೆಯ ಜಗ್ಗು ಬಲ ಶಿಯರ್ ಬಲದ ಮುಂದೆ ಆನೆ. ಅದು ಒಂದಿಷ್ಟು ಬೆರೆತರೂ ಅಳೆಯಬೇಕಾದದ್ದು ಮುಚ್ಚಿಹೋಗುತ್ತದೆ. ಎಳೆ ಇನ್ನೊಂದು ಕಡೆಗೆ 1 ಡಿಗ್ರಿ ವಾಲಿದ್ದರೆ ಅದು ಬಿಗಿಯುವ ಬದಲು ಸಡಿಲಗೊಂಡು ಬಟ್ಟೆ ಅಕಾಲದಲ್ಲೇ ಸುಕ್ಕಾಗುತ್ತದೆ. ಎರಡೂ ತಪ್ಪು ಉತ್ತರಗಳೇ, ಎದುರುಬದುರು ದಿಕ್ಕಿನವು.

ಹಿಡಿತದ ಗೋಳು ಬೇರೆ. ಬೋಲ್ಟು ಹಾಕಿ ಗಟ್ಟಿಯಾಗಿ ಬಿಗಿದರೆ ಅಂಚಿನಲ್ಲಿ ಎಳೆಗಳು ತಿರುಗಲಾಗದೆ ಬಾಗಿಕೊಳ್ಳುತ್ತವೆ. ಆ ಬಾಗಿಸುವ ಬಲವೂ ಲೆಕ್ಕಕ್ಕೆ ಸೇರಿಕೊಳ್ಳುತ್ತದೆ. ಸಡಿಲ ಬಿಟ್ಟರೆ ಎಳೆ ಜಾರುತ್ತದೆ. ಕೆಲವರು ಸೂಜಿಗಳ ಸಾಲಿನಿಂದ ಚುಚ್ಚಿ ಹಿಡಿಯುವ ದಾರಿ ಹಿಡಿದರು. ಇನ್ನು ಕೆಲವರು ಅದೇ ತುಂಡನ್ನು ಬಿಚ್ಚದೆ ಹಲವು ಸಲ ಎಳೆದು ಬಿಟ್ಟು, ಎಳೆಗಳು ಪಳಗಿ ತಮ್ಮ ಜಾಗ ಕಂಡುಕೊಂಡ ನಂತರದ ಸುತ್ತನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡರು. ಮೊದಲ ಸುತ್ತಿನ ಬಲ ಸಾಮಾನ್ಯವಾಗಿ ಹೆಚ್ಚು, ಮುಂದಿನವು ಇಳಿಮುಖ. ಹಾಗಾದರೆ ನಿಜವಾದ ಅಂಕಿ ಯಾವುದು? ಅಚ್ಚಿನ ಮೇಲೆ ಬಟ್ಟೆ ಓರೆಯಾಗುವುದು ಒಂದೇ ಸಲ, ಪಳಗಲು ಅದಕ್ಕೆ ಪುರುಸೊತ್ತಿಲ್ಲ. ಈ ಜಗಳ ಸಂಶೋಧಕರ ನಡುವೆ ಪೂರ್ತಿ ತೀರಿಲ್ಲ, ತೀರಬೇಕಾದ ಅಗತ್ಯವೂ ಅಷ್ಟಾಗಿ ಇಲ್ಲ. ಯಾವ ಸುತ್ತಿನ ಅಂಕಿ ಎಂದು ಬರೆದಿಟ್ಟರೆ ಓದುವವರು ತಮಗೆ ಬೇಕಾದ್ದನ್ನು ಆರಿಸಿಕೊಳ್ಳಬಹುದು.

ಇನ್ನೊಂದು ಪರೀಕ್ಷೆ ದರ್ಜಿಯ ಕ್ರಾಸ್ ಪೀಸಿಗೆ ಹತ್ತಿರದ್ದು. ಎಳೆಗಳು 45 ಡಿಗ್ರಿಗೆ ಬರುವಂತೆ ಪಟ್ಟಿ ಕತ್ತರಿಸಿ, ಮೇಲೊಂದು ಕೆಳಗೊಂದು ದವಡೆಯಲ್ಲಿ ಕಚ್ಚಿಸಿ ಎಳೆಯುವುದು. ಹೆಸರು ಬಯಾಸ್ ಎಕ್ಸ್‌ಟೆನ್ಷನ್. ಪಟ್ಟಿಯ ಉದ್ದ ಅಗಲದ ಎರಡರಷ್ಟಾದರೂ ಇರಬೇಕು. ಆಗ ಬಟ್ಟೆ ತಾನಾಗಿಯೇ ಮೂರು ಬಗೆಯ ಪ್ರದೇಶಗಳಾಗಿ ಒಡೆಯುತ್ತದೆ. ದವಡೆಗೆ ತಾಗಿದ ತ್ರಿಕೋನಗಳಲ್ಲಿ ಕೋನ ಬದಲಾಗದು. ನಟ್ಟನಡುವಿನ ವಜ್ರದಲ್ಲಿ ಪೂರ್ತಿ ಶಿಯರ್. ಇವೆರಡರ ನಡುವಿನ ಪಟ್ಟೆಗಳಲ್ಲಿ ಸರಿಯಾಗಿ ಅದರ ಅರ್ಧ. ನಡುಭಾಗದ ಎಳೆಗಳ ಎರಡು ತುದಿಯೂ ಪಟ್ಟಿಯ ಬಿಡುಅಂಚಿನಲ್ಲಿ ಮುಗಿಯುವುದರಿಂದ ಅವನ್ನು ಯಾರೂ ಜಗ್ಗುವಂತಿಲ್ಲ. ಪಿಕ್ಚರ್ ಫ್ರೇಮಿನ ಮುಖ್ಯ ರೋಗ ಇಲ್ಲಿ ಅಂಟುವುದಿಲ್ಲ. ವಿಶೇಷ ಚೌಕಟ್ಟೂ ಬೇಡ.

ಲೆಕ್ಕ ಮಾತ್ರ ಕೊಂಚ ತಮಾಷೆಯದು. ಯಂತ್ರ ತೋರುವ ಬಲ ನಡುಭಾಗವನ್ನೂ ಅರ್ಧ ಓರೆಯಾದ ಪಟ್ಟೆಗಳನ್ನೂ ಒಟ್ಟಿಗೆ ಬಾಗಿಸಿದ ಬಲ. 40 ಡಿಗ್ರಿಯಲ್ಲಿ ಬಟ್ಟೆಯ ಪ್ರತಿರೋಧ ಎಷ್ಟೆಂದು ತಿಳಿಯಬೇಕಾದರೆ 20 ಡಿಗ್ರಿಯಲ್ಲಿ ಎಷ್ಟೆಂದು ಮೊದಲೇ ಗೊತ್ತಿರಬೇಕು, 20ಕ್ಕೆ 10ರದ್ದು. ಹೀಗೆ ಕೆಳಗಿನಿಂದ ಒಂದೊಂದೇ ಮೆಟ್ಟಿಲು ಹತ್ತಬೇಕು. ಅದೂ ಒಂದು ಎತ್ತರದವರೆಗೆ ಮಾತ್ರ. ಕೋನ ದೊಡ್ಡದಾದಾಗ ಎಳೆಗಳು ತಿರುಗುವುದನ್ನು ಬಿಟ್ಟು ಒಂದರ ಮೇಲೊಂದು ಜಾರತೊಡಗುತ್ತವೆ. ದವಡೆ ಸರಿದ ದೂರದಿಂದ ಲೆಕ್ಕಹಾಕಿದ ಕೋನವೇ ಸುಳ್ಳಾಗುತ್ತದೆ. ಆದ್ದರಿಂದ ಬಟ್ಟೆಯ ಮೇಲೆ ಮೊದಲೇ ಪೆನ್ನಿನಿಂದ ಗೆರೆ ಎಳೆದು, ಎಳೆಯುತ್ತಿರುವಾಗಲೇ ಕ್ಯಾಮೆರಾದಲ್ಲಿ ಹಿಡಿದು, ಚಿತ್ರದ ಮೇಲೆ ಕೋನ ಅಳೆಯುತ್ತಾರೆ.

ಇಷ್ಟೆಲ್ಲ ಎಚ್ಚರ ವಹಿಸಿದವರ ಅಂಕಿಗಳಾದರೂ ಒಂದಕ್ಕೊಂದು ಹೊಂದುತ್ತವೆಯೇ? ಇದನ್ನು ನೋಡಲೆಂದೇ ಎಂಟು ಸಂಶೋಧನಾ ಗುಂಪುಗಳು ಕೈಜೋಡಿಸಿದವು: ಅಮೆರಿಕದ ನಾರ್ತ್‌ವೆಸ್ಟರ್ನ್ ಮತ್ತು ಮ್ಯಾಸಚೂಸೆಟ್ಸ್ ಲೋವೆಲ್ ವಿಶ್ವವಿದ್ಯಾಲಯಗಳು, ಬ್ರಿಟನ್ನಿನ ನಾಟಿಂಗ್‌ಹ್ಯಾಮ್, ನೆದರ್ಲೆಂಡ್ಸಿನ ಟ್ವೆಂಟೆ, ಬೆಲ್ಜಿಯಮ್ಮಿನ ಲ್ಯುವೆನ್, ಫ್ರಾನ್ಸಿನ ಎರಡು ತಂಡಗಳು, ಹಾಂಗ್‌ಕಾಂಗ್ ವಿಜ್ಞಾನ ತಂತ್ರಜ್ಞಾನ ವಿಶ್ವವಿದ್ಯಾಲಯ. ಗಾಜಿನ ಎಳೆಯ ಜೊತೆ ಪಾಲಿಪ್ರೊಪಿಲೀನ್ ಎಳೆಯನ್ನೂ ಬೆರೆಸಿ ನೇಯ್ದ ಮೂರು ಬಗೆಯ ಬಟ್ಟೆ, ಒಂದು ಸಾದಾ, ಎರಡು ಓರೆಗೆರೆ ಮೂಡುವ ಟ್ವಿಲ್ ನೇಯ್ಗೆಯವು, ಎಲ್ಲರಿಗೂ ಹಂಚಲಾಯಿತು. ಚೌಕಟ್ಟು ಮಾತ್ರ ಅವರವರದ್ದೇ. ಫಲಿತಾಂಶ 2008ರಲ್ಲಿ ಪ್ರಕಟವಾಯಿತು. ಯಂತ್ರದಿಂದ ಬಂದ ಬಲದ ಗೆರೆಗಳನ್ನು ಇದ್ದಹಾಗೆ ಒಂದರ ಮೇಲೊಂದು ಇಟ್ಟರೆ ಬಟ್ಟೆ ಒಂದೇ ಎಂದು ಯಾರೂ ನಂಬುವಂತಿರಲಿಲ್ಲ.

ಗೊಂದಲದ ದೊಡ್ಡ ಪಾಲು ಭಾಗಾಕಾರದ್ದು. ದೊಡ್ಡ ಚೌಕಟ್ಟಿಗೆ ದೊಡ್ಡ ಬಲ ಬೇಕು, ಹಾಗಾಗಿ ಬದಿಯ ಉದ್ದದಿಂದ ಭಾಗಿಸಿದರೆ ಸಾಕು ಎಂದು ಅನಿಸುತ್ತದೆ. ಬಟ್ಟೆ ಚೌಕಟ್ಟನ್ನು ಪೂರ್ತಿ ತುಂಬಿದ್ದರೆ ಅದು ಸರಿಯೇ. ಆದರೆ ಮೂಲೆ ಕತ್ತರಿಸಿದ ಬಟ್ಟೆ ಅಧಿಕ ಚಿಹ್ನೆಯಂತೆ ಇರುತ್ತದೆ. ಹಾಸು ಹೊಕ್ಕು ಎರಡೂ ಇರುವುದು ನಡುವಿನ ಚೌಕದಲ್ಲಷ್ಟೇ. 200 ಮಿಲಿಮೀಟರ್ ಚೌಕಟ್ಟಿನಲ್ಲಿ ಆ ನಡುಭಾಗ 140 ಮಿಲಿಮೀಟರ್ ಇದ್ದರೆ ಓರೆಯಾಗುವ ಬಟ್ಟೆಯ ವಿಸ್ತೀರ್ಣ ಅರ್ಧಕ್ಕಿಂತ ಕಡಿಮೆ. ಬರೀ ಚೌಕಟ್ಟಿನ ಉದ್ದದಿಂದ ಭಾಗಿಸಿದವರು ಬಟ್ಟೆಯನ್ನು ಇರುವುದಕ್ಕಿಂತ ಎರಡು ಪಟ್ಟು ಮೆತ್ತಗಿನದೆಂದು ವರದಿ ಮಾಡುತ್ತಾರೆ. ಯಂತ್ರ ವ್ಯಯಿಸಿದ ಶಕ್ತಿಯನ್ನು ನಿಜಕ್ಕೂ ಓರೆಯಾದ ವಿಸ್ತೀರ್ಣಕ್ಕೆ ಹಂಚಿ ನೋಡಿದಾಗ ಗೆರೆಗಳು ಹತ್ತಿರ ಬಂದವು. ಅಗಾಧ ಸಿದ್ಧಾಂತವೇನಲ್ಲ ಇದು, ಹೈಸ್ಕೂಲಿನ ಲೆಕ್ಕ. ಆದರೂ ಅದನ್ನು ಒಪ್ಪಿ ಎಲ್ಲರೂ ಒಂದೇ ರೀತಿ ಬರೆಯಲು ಇಷ್ಟು ಜನ ಒಟ್ಟಿಗೆ ಕೂರಬೇಕಾಯಿತು. ಕೋನ ಹೆಚ್ಚಾದ ಕಡೆ ಗೆರೆಗಳು ಮತ್ತೆ ಚದುರಿದವು. ಅಲ್ಲಿ ಹಿಡಿತ, ಪಳಗಿಸುವಿಕೆ, ಎಳೆಯ ಬಿಗಿತ ಎಲ್ಲವೂ ಕೈಹಾಕುತ್ತವೆ.

ಆ ಬಟ್ಟೆಯಲ್ಲಿ ಪಾಲಿಪ್ರೊಪಿಲೀನ್ ಇದ್ದದ್ದಕ್ಕೂ ಕಾರಣವುಂಟು. ಕಾಯಿಸಿದಾಗ ಅದು ಕರಗಿ ತಾನೇ ರೆಸಿನ್ ಆಗುತ್ತದೆ. ಅಂದರೆ ಕಾರ್ಖಾನೆಯಲ್ಲಿ ಈ ಬಟ್ಟೆ ಅಚ್ಚಿಗೆ ಹೋಗುವುದು ಬಿಸಿಬಿಸಿಯಾಗಿ. ತಣ್ಣಗಿನ ಕೋಣೆಯಲ್ಲಿ ಅಳೆದ ಅಂಕಿ ಅಲ್ಲಿ ಕೆಲಸಕ್ಕೆ ಬಾರದು, ಇಡೀ ಚೌಕಟ್ಟನ್ನೇ ಒಲೆಯೊಳಗೆ ಇಟ್ಟು ಎಳೆಯಬೇಕು. ಕರಗಿದ ಪ್ಲಾಸ್ಟಿಕ್ ಜೇನಿನಂತೆ ಅಂಟಂಟು; ನಿಧಾನ ಎಳೆದರೆ ಬಿಟ್ಟುಕೊಡುತ್ತದೆ, ವೇಗವಾಗಿ ಎಳೆದರೆ ತಡೆಯುತ್ತದೆ. ಹೀಗೆ ಕೋನ ಮತ್ತು ಬಲಗಳ ಜೊತೆ ಉಷ್ಣತೆ, ವೇಗ ಎಂಬ ಇನ್ನೆರಡು ಅಂಕಣಗಳು ಕೋಷ್ಟಕಕ್ಕೆ ಸೇರುತ್ತವೆ.

ಲಾಕಿಂಗ್ ಕೋನ ದಾಟಿದರೆ ಸುಕ್ಕು ಎಂಬ ನಿಯಮವೂ ಈಗ ಮೊದಲಿನಷ್ಟು ಗಟ್ಟಿಯಾಗಿಲ್ಲ. ಲಿಯೋನಿನ ಇನ್ಸಾ ಸಂಸ್ಥೆಯ ಫಿಲಿಪ್ ಬುವಾಸ್ ಮತ್ತು ಸಂಗಡಿಗರು 2011ರಲ್ಲಿ ಕಂಪ್ಯೂಟರ್ ಮಾದರಿಗಳ ಮೂಲಕ ತೋರಿಸಿದ್ದು, ಕೋನವೊಂದನ್ನೇ ನೋಡಿ ಸುಕ್ಕನ್ನು ಮುನ್ನುಡಿಯಲಾಗದು ಎಂದು. ಬಟ್ಟೆಯನ್ನು ಸುತ್ತಲೂ ಬಿಗಿಯಾಗಿ ಹಿಡಿದಿದ್ದರೆ ಲಾಕಿಂಗ್ ಕೋನ ದಾಟಿಯೂ ನಯವಾಗಿ ಕೂರಬಹುದು. ಸಡಿಲ ಬಿಟ್ಟರೆ ಅದಕ್ಕೂ ಮೊದಲೇ ಮಡಿಕೆ ಬೀಳಬಹುದು. ಬಾಗುವಿಕೆಗೆ ಬಟ್ಟೆ ತೋರುವ ಪ್ರತಿರೋಧ ಸುಕ್ಕಿನ ಗಾತ್ರ ನಿರ್ಧರಿಸುತ್ತದೆ. ಶಿಯರ್ ಅಂಕಿ ಇಲ್ಲದೆ ಲೆಕ್ಕ ಸಾಗದು, ಆದರೆ ಅದೊಂದರಿಂದಲೇ ಮುಗಿಯುವುದೂ ಇಲ್ಲ.

ಈ ನಡುವೆ ಹಲವು ಕಾರ್ಖಾನೆಗಳು ನೇಯ್ಗೆಯನ್ನೇ ಬಿಡತೊಡಗಿವೆ. ಗಾಳಿಯಂತ್ರದ ರೆಕ್ಕೆಗಳಿಗೂ ಹಲವು ವಾಹನಗಳ ಭಾಗಗಳಿಗೂ ಬಳಕೆಯಾಗುವುದು ಎಳೆಗಳನ್ನು ಪದರ ಪದರವಾಗಿ ಹಾಸಿ, ಸಣ್ಣ ದಾರದಿಂದ ಹೊಲಿದು ಹಿಡಿದಿಟ್ಟ ಬಟ್ಟೆ. ಇಲ್ಲಿ ಮೇಲೆ ಕೆಳಗೆ ಹೆಣೆದ ಸಂಧಿಗಳಿಲ್ಲ. ತಿರುಗುವುದನ್ನು ತಡೆಯುವ ಮುಖ್ಯ ಕೆಲಸ ಹೊಲಿಗೆ ದಾರದ್ದು. ಒಂದು ಕಡೆಗೆ ಓರೆಯಾಗಿಸಿದರೆ ಆ ದಾರ ಬಿಗಿದು ಎದುರು ನಿಲ್ಲುತ್ತದೆ, ಇನ್ನೊಂದು ಕಡೆಗೆ ಓರೆಯಾಗಿಸಿದರೆ ಸಡಿಲವಾಗಿ ಸುಮ್ಮನಿರುತ್ತದೆ. ನೇಯ್ದ ಬಟ್ಟೆಗೆ ಬಲಕ್ಕೂ ಎಡಕ್ಕೂ ಒಂದೇ ಗೆರೆ ಸಾಕಾಗುತ್ತಿತ್ತು. ಹೊಲಿದ ಬಟ್ಟೆಯನ್ನು ಎರಡು ಸಲ ಕತ್ತರಿಸಿ, ಎರಡೂ ದಿಕ್ಕಿಗೆ ಎಳೆದು, ಎರಡು ಬೇರೆ ಗೆರೆಗಳನ್ನು ಬರೆದುಕೊಳ್ಳಬೇಕು. ಗುಮ್ಮಟದ ಮೇಲೆ ಹೊದಿಸಿದಾಗ ಅಕ್ಕಪಕ್ಕದ ಕಾಲುಭಾಗಗಳು ಎದುರು ದಿಕ್ಕುಗಳಿಗೆ ಓರೆಯಾಗುವುದರಿಂದ, ಒಂದರಲ್ಲಿ ಬಟ್ಟೆ ನಯವಾಗಿ ಕೂತು ಪಕ್ಕದ್ದರಲ್ಲಿ ಉಬ್ಬಿ ನಿಲ್ಲುವುದುಂಟು.